ಕಲ್ಲಾದ ಚೀಲಗಳು

ತಿಪ್ಪೇರುದ್ರಮ್ಮನ ಸೊಸೆ ತ್ರಿವೇಣಿ ಮದುವೆಯಾಗಿ ಬಂದಂದಿನಿಂದ ಹಿತ್ತಲಿನ ಗರಿತಟ್ಟಿಯ ಮರೆಯಲ್ಲೇ ಸ್ನಾನ ಮಾಡುತ್ತಿದ್ದಳು. ಗಾಳಿಗೆ ತಟ್ಟಿ ಅಲ್ಲಾಡಿದರೆ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹೊಯ್ದುಕೊಳ್ಳುವಳು. ಇದನ್ನು ನೋಡಲಾರದೆ ಗಂಡ ಸಿದ್ದಲಿಂಗೇಶ ಬಚ್ಚಲುಮನೆ ಕಟ್ಟಿಸಲು ಹೊರಟ. ಚಳ್ಳಕೆರೆಯಲ್ಲಿ ಕೆಡವಿದ ಎಣ್ಣೆಮಿಲ್ಲಿನ ಇಟ್ಟಿಗೆ, ರಾಂಪುರದಿಂದ ಹಳೆಯ ಬಾಗಿಲು, ಯಾರದೋ ಕಟ್ಟಡದಲ್ಲಿ ಮಿಕ್ಕ ಸಿಮೆಂಟು, ಎಲ್ಲವನ್ನೂ ಅರೆಬೆಲೆಗೆ ಕೂಡಿಹಾಕಿದ. ಪಾಯ ತೋಡುವ ಮೊದಲೇ ಜ್ವರ ಬಂದು ಶಿವನ ಪಾದ ಸೇರಿದ.

"ವರ್ಷ ತುಂಬೋವರೆಗೂ ಈ ಮನ್ಯಾಗೆ ಕರಣಿ ಮುಟ್ಟಬ್ಯಾಡ," ಎಂದಳು ತಿಪ್ಪೇರುದ್ರಮ್ಮ, ಗಾರೆ ಕೆಲಸದ ಗಾದ್ರಪ್ಪನಿಗೆ.

"ಲಿಂಗವಂತರಿಗೆ ಸೂತಕ ಎಲ್ಲೈತೆ ತಾಯಿ, ಕಟ್ಟಿಸು," ಎಂದು ಮಠದ ಅಯ್ಯನವರು ಹೇಳಿದರೂ ಅವಳು ಕೇಳಲಿಲ್ಲ. ಮಗನಿಗಾಗಿ ಮಾಡಲು ಅವಳಿಗೆ ಉಳಿದದ್ದು ಅದೊಂದೇ ವ್ರತ.

ವರ್ಷದ ಪೂಜೆಯ ಮರುದಿನ ಗಾದ್ರಪ್ಪ ಬಂದು ಸಿಮೆಂಟು ಚೀಲಗಳನ್ನು ಗುದ್ದಿ ನೋಡಿದ. ಮಳೆಗಾಲದ ತೇವ ಕುಡಿದು ಎಲ್ಲವೂ ಗಟ್ಟಿಯಾಗಿದ್ದವು.

"ಅಮ್ಮಾರೆ, ಇವು ಗುಂಡುಕಲ್ಲು ಆಗ್ಯಾವೆ. ಗರಡಿ ಹುಡುಗ್ರಿಗೆ ಎತ್ತೋಕೆ ಕೊಡ್ರಿ," ಎಂದು ನಗಲು ಹೋಗಿ, ಮುದುಕಿಯ ಮುಖ ಕಂಡು ಚೀಲದ ಮೇಲಿಂದ ಕೈ ತೆಗೆದ. ಆಮೇಲೆ ಮೆಲ್ಲಗೆ ಹೇಳಿದ: "ಗೋಡೆ ಕೆಸರುಮಣ್ಣಾಗೇ ಕಟ್ತೀನಿ, ಸಂದಿಗೆ ಸುಣ್ಣ ತುಂಬ್ತೀನಿ. ಇವನ್ನ ಒಡೆದು ನೆಲಕ್ಕೆ ಹಾಕಿದ್ರಾತು."

"ಒಡೀಬ್ಯಾಡ. ಅವನು ಹೆಗಲ ಮೇಲೆ ಹೊತ್ತು ತಂದಿದ್ದು. ನಾನೇ ಕಲ್ಲು ಮಾಡಿದೆ."

"ಒಡೀಲಿ ಬಿಡ್ರಿ ಅತ್ತೆ," ಎಂದಳು ತ್ರಿವೇಣಿ. "ಬಚ್ಚಲಿಗೆ ಅಂತ ತಂದಿದ್ದು ಬಚ್ಚಲಿಗೇ ಸೇರ್ಲಿ."

ಒಂದನ್ನು ಮಾತ್ರ ಒಡೆಯದೆ ಕೂತು ಮೀಯುವ ಕಲ್ಲಾಗಿ ಹೂಡಿದರು. ಚೀಲದ ನೇಯ್ಗೆಯ ಗೆರೆಗಳು ಅದರ ಮೇಲೆ ಹಾಗೆಯೇ ಮೂಡಿದ್ದವು.

ಬಚ್ಚಲು ಮುಗಿದ ದಿನ ತ್ರಿವೇಣಿ ಬಿಸಿನೀರು ತೆಗೆದುಕೊಂಡು ಒಳಗೆ ಹೋದಳು. ಚಿಲಕ ಬಿದ್ದಿತು. ತಿಪ್ಪೇರುದ್ರಮ್ಮ ಹೊರಗೆ ಕುಳಿತು, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದು ಪಂಚಾಕ್ಷರಿ ಜಪಿಸುತ್ತಿದ್ದಳು. ಒಳಗೆ ನೀರಿನ ಸದ್ದು ಸ್ವಲ್ಪ ಹೊತ್ತು ಕೇಳಿ, ನಿಂತುಹೋಯಿತು. ಆಮೇಲೆ ಅಳು ಕೇಳಿಸಿತು. ಗಂಡ ಸತ್ತಂದಿನಿಂದ ಆ ಹುಡುಗಿ ಬಾಯಿಬಿಟ್ಟು ಅತ್ತಿರಲಿಲ್ಲ; ಅಳಲು ಆ ಮನೆಯಲ್ಲಿ ಮರೆಯಿದ್ದ ಜಾಗವೇ ಇರಲಿಲ್ಲ.

ಒಂದು ವರ್ಷ ಸೊಸೆಗೆ ತಾನು ಕೊಡದೆ ಹೋದದ್ದು ಏನೆಂದು ಮುದುಕಿಗೆ ಆಗ ತಿಳಿಯಿತು. ಎದ್ದು ಹೋಗಿ ಒಲೆಗೆ ಇನ್ನೊಂದು ಹಂಡೆ ನೀರಿಟ್ಟಳು.