ಕುದುರೆಗೆ ಕಟ್ಟಿದ ಕೂಸು

ಪರಶುರಾಂಪುರದ ಕಡೆ ಕುರಿಹಿಂಡು ಮೇವಿಗೆ ಹೊರಟಿತೆಂದರೆ ಕುದುರೆಯ ಬೆನ್ನೇ ಮನೆ. ಕಂಬಳಿ, ಪಾತ್ರೆ, ಆಗತಾನೆ ಹುಟ್ಟಿದ ಮರಿ ಎಲ್ಲವೂ ಅದರ ಮೇಲೆ. ಅವತ್ತು ಬೋರಯ್ಯ ಆ ಹೇರಿನ ಮೇಲೆ ಐದು ವರ್ಷದ ಮೊಮ್ಮಗಳು ಸ್ವಪ್ನಳನ್ನೂ ಕೂರಿಸಿ, ಸೊಂಟಕ್ಕೆ ಹಗ್ಗ ಬಿಗಿದಿದ್ದ.

ನೀರು ತಂದ ಸೊಸೆ ಪಾತಮ್ಮ ಇದನ್ನು ನೋಡಿದಳು. ಮೈಯೆಲ್ಲ ಉರಿದುಹೋಯಿತು. ಕೊಡವನ್ನು ಅಲ್ಲೇ ಕುಕ್ಕಿದಳು.

"ಮಾವಾ, ಕೂಸನ್ನ ಯಾಕೆ ಕಟ್ಟಿದೀರಿ? ಅದೇನು ಮೂಟೆನಾ?"

"ಸುಮ್ಕಿರವ್ವ, ಈಗಿಂದ್ಲೇ ಸವಾರಿ ಕಲೀಲಿ. ಕಟ್ಟಿದ್ರೆ ಬೀಳಲ್ಲ. ನನ್ನ ಗಂಟು ಬಿಚ್ಚೋನು ಇನ್ನೂ ಹುಟ್ಟಿಲ್ಲ."

ಕುರಿಗಳಿಗೆ ಜಂತಿನ ಔಷಧಿ ಕುಡಿಸಲು ಬಂದಿದ್ದ ಪಶುಸಖಿ ಶಶಿರೇಖಾಗೂ ಸಿಟ್ಟು ಬಂತು. "ಅದೇ ತಾತ, ಗಂಟು ಬಿಚ್ಚಲ್ಲ! ಕುದುರೆ ಬೆದರಿದ್ರೆ ಹೇರು ಹೊಟ್ಟೆ ಕೆಳಕ್ಕೆ ಜಾರ್ತೈತೆ. ಕೂಸೂ ಅದರ ಜೊತೆ ಕಾಲಡಿಗೆ ಹೋಗ್ತೈತೆ."

"ನನ್ನ ಕುದುರೆ ಬೆದರಲ್ಲ" ಎಂದ ಬೋರಯ್ಯ.

ಪಾತಮ್ಮ ಅದುವರೆಗೆ ಮಾವನ ಎದುರು ದನಿ ಎತ್ತಿದವಳಲ್ಲ. ಇವತ್ತು ಕುಡುಗೋಲು ತಂದು ಹಗ್ಗ ಕೊಯ್ದು ಮಗಳನ್ನು ಇಳಿಸಿಕೊಂಡಳು. ಶೇಂಗಾ ಹೊಟ್ಟಿನ ಚೀಲವೊಂದನ್ನು ಅವನ ಮುಂದೆ ಎಸೆದಳು. "ಅವಳ ಬದ್ಲು ಇದನ್ನ ಕಟ್ರಿ. ಊರು ದಾಟೋ ತನಕ ನೋಡಾನ."

ಹಟಕ್ಕೆ ಬಿದ್ದ ಬೋರಯ್ಯ ಚೀಲ ಕಟ್ಟಿ, ಕುದುರೆ ಹಿಡಿದು ಹೊರಟ. ಊರು ಇನ್ನೂ ದಾಟಿರಲಿಲ್ಲ, ಹಿಂದಿನಿಂದ ಬಂದ ಟ್ರ್ಯಾಕ್ಟರ್ ಹಾರನ್ ಬಾರಿಸಿತು. ಕುದುರೆ ಕೈಯಿಂದ ಕಿತ್ತುಕೊಂಡು ಓಡಿತು. ಹೇರು ಜಾರಿ ಹೊಟ್ಟೆಯಡಿ ನೇತಾಡಿತು. ಒದೆತಕ್ಕೆ ಚೀಲ ಹರಿದು ದಾರಿಯುದ್ದಕ್ಕೂ ಹೊಟ್ಟು ಚೆಲ್ಲಿತು. ಗಂಟು ಮಾತ್ರ ಬಿಚ್ಚಲಿಲ್ಲ.

ಪಾತಮ್ಮ, ಶಶಿರೇಖಾ ಓಡಿಬಂದರು. "ಕೂಸನ್ನ ನನ್ನ ಕೈಯಾರೆ ಕಟ್ಟಿದ್ನಲ್ಲವ್ವ" ಎಂದು ಬೋರಯ್ಯ ಹಣೆ ಚಚ್ಚಿಕೊಂಡ.

ಪಾತಮ್ಮನ ಸಿಟ್ಟು ಇಳಿಯಲಿಲ್ಲ. "ಸವಾರಿ ಕಲಿಸೋ ಆಸೆ ಇದ್ರೆ ಸರಿಯಾಗಿ ಕಲಿಸ್ರಿ. ಹೆಂಗೆ ಅಂತ ಈ ಅಕ್ಕನ್ನ ಕೇಳ್ರಿ."

ಶಶಿರೇಖಾ ಹೇಳಿದಳು: "ಹೇರಿನ ಮೇಲೆ ಬ್ಯಾಡವೇ ಬ್ಯಾಡ. ವಯಸ್ಸಾದ ಸಾಧು ಕುದುರೆ ಇರ್ಬೇಕು. ಕೂಸಿನ ತಲೆ ಅಳತೆಗೆ ಸವಾರಿ ಹೆಲ್ಮೆಟ್ ಹಾಕಿ, ಗದ್ದದ ಪಟ್ಟಿ ಬಿಗೀಬೇಕು. ದೊಡ್ಡೋರೊಬ್ರು ಕುದುರೆ ಹಿಡೀಬೇಕು, ಹಗ್ಗ ಕೈಗೆ ಸುತ್ಕೋಬಾರ್ದು. ಇನ್ನೊಬ್ರು ಕೂಸಿನ ಪಕ್ಕಾನೇ ನಡೀಬೇಕು. ರಸ್ತೇಲಿ ಅಲ್ಲ, ಬೇಲಿ ಇರೋ ಬಯಲಲ್ಲಿ, ನಿಧಾನಕ್ಕೆ ನಾಲ್ಕೇ ಸುತ್ತು. ಕುದುರೆ ಹಿಂದೆ ಮಕ್ಕಳು ಸುಳೀಬಾರ್ದು."

"ಹೆಲ್ಮೆಟ್ ಸಿಗದಿದ್ರೆ?" ಬೋರಯ್ಯ ಕೇಳಿದ.

"ಸಿಗೋ ತನಕ ಹತ್ಸಲ್ಲ" ಎಂದಳು ಪಾತಮ್ಮ. ಮುದುಕ ತಲೆಯಾಡಿಸಿದ.

ಕುರಿ ಕಾಯುವ ಅಣ್ಣಂದಿರೇ, ಅಕ್ಕಂದಿರೇ, ಕೂಸನ್ನು ಕುದುರೆಗೆ ಕಟ್ಟಬೇಡಿ. ಕಟ್ಟಿದ್ದರೆ ಈಗಲೇ ಬಿಚ್ಚಿ. ನಾವೂ ಹೀಗೇ ಬೆಳೆದವರು ಎನ್ನಬೇಡಿ. ಹಾಗೆ ಕಟ್ಟಿಸಿಕೊಂಡು ಸತ್ತ ಮಕ್ಕಳು ಬಂದು ನಿಮಗೆ ಬುದ್ಧಿ ಹೇಳುವುದಿಲ್ಲ.