ಸದ್ದು ಬಂದಾಗ ಎಲ್ಲಿದ್ದಿರಿ?

ಆಕಾಶದಿಂದ ಕಲ್ಲು ಬೀಳುತ್ತದೆ, ನಾನು ಅದನ್ನು ಹುಡುಕುತ್ತೇನೆ ಎಂದರೆ ಮಧುಗಿರಿಯಲ್ಲಿ ನಗದವರಿಲ್ಲ. ನಗಲಿ, ಅವರ ಬಾಯಿ, ಅವರ ಹಲ್ಲು. ವಾರವೆಲ್ಲ ಪಾತ್ರೆ ಅಂಗಡಿಯ ಗಲ್ಲಾದಲ್ಲಿ ಕೂತು, ರಜೆ ಸಿಕ್ಕಿತೆಂದರೆ ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ಹೊಲ, ಬೀಳು ಅಂತ ಅಲೆಯುವುದು ನನ್ನ ಹವ್ಯಾಸ. ಕೊಳಾಲದಿಂದ ಪಾವಗಡದವರೆಗೆ ಅಲೆದಿದ್ದೇನೆ. ಸಿಕ್ಕಿದ್ದೆಲ್ಲ ಹಳೇ ಕಾಲದವರು ಕಬ್ಬಿಣ ಕರಗಿಸಿ ಎಸೆದ ಕಿಟ್ಟ, ಇಲ್ಲವೇ ಟ್ರ್ಯಾಕ್ಟರಿನ ನಟ್ಟು ಬೋಲ್ಟು. ಬೀದಿಯಲ್ಲಿ ನನಗೆ ಕಲ್ಲು ಜಗದಾಂಬ ಎಂದೇ ಹೆಸರು. ಮನೆಯಲ್ಲಿ ತಮ್ಮ ರೇಣುಕಪ್ರಸಾದನೂ, "ಅಕ್ಕ, ಒಂದು ನಿನ್ನ ತಲೆ ಮೇಲೇ ಬಿದ್ರೆ ಹುಡ್ಕೋ ಕಷ್ಟ ತಪ್ಪತ್ತೆ ನೋಡು" ಎಂದು ರೇಗಿಸುತ್ತಿದ್ದ. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಎತ್ತಿ ಬೆಳೆಸಿದವಳು ನಾನು. ಬೇರೆಯವರು ನಕ್ಕರೆ ಮೈ ಉರಿಯುತ್ತದೆ, ಅವನು ನಕ್ಕರೆ ಏನೂ ಅನ್ನಿಸುವುದಿಲ್ಲ.

ಶುಕ್ರವಾರ ಮುಸ್ಸಂಜೆ ಪಡುವಣ ಆಕಾಶದಲ್ಲಿ ಬೆಂಕಿಯುಂಡೆಯೊಂದು ಹಾದುಹೋಯಿತು. ಸಿರಾದವರು ನೋಡಿದರು, ಕೊರಟಗೆರೆಯವರು ನೋಡಿದರು. ನೋಡದವಳು ನಾನೊಬ್ಬಳೇ! ಆ ಹೊತ್ತಿಗೆ ಕುಕ್ಕರಿನ ಗ್ಯಾಸ್ಕೆಟ್ಟು ಬದಲಾಯಿಸಿಕೊಡಿ ಎಂದು ಬಂದ ಹೆಂಗಸಿನ ಜೊತೆ ಅಂಗಡಿಯೊಳಗೆ ಜಗಳವಾಡುತ್ತಿದ್ದೆ. ನನ್ನ ಹಣೆಬರಹಕ್ಕೆ ಬೆಂಕಿ ಹಾಕ.

ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತ ರೇಣುಕನನ್ನು, "ನೀನೇನಾದ್ರೂ ನೋಡ್ದೇನೋ?" ಎಂದು ಕೇಳಿದೆ. ತಟ್ಟೆಯಲ್ಲಿದ್ದ ದೋಸೆಯನ್ನು ಅವನು ಮುಟ್ಟಿರಲಿಲ್ಲ.

"ನೋಡ್ದೆ. ಹಸಿರು ಬಣ್ಣ. ಕೆಳಗೆ ಬರ್ತಾ ಬರ್ತಾ ಎರಡು ಹೋಳಾಯ್ತು. ದೊಡ್ಡದು ಜೋಡಿಗುಡ್ಡದ ಎರಡು ತಲೆ ಮಧ್ಯೆ ಇಳೀತು."

"ಎಲ್ಲಿಂದ ನೋಡ್ದೆ?"

"ಇಲ್ಲೇ, ತಾರಸಿ ಮೇಲಿಂದ."

ಎಂದೂ ನನ್ನ ಕಲ್ಲಿನ ಮಾತು ಕಿವಿಗೆ ಹಾಕಿಕೊಳ್ಳದವನು ಇಷ್ಟು ವಿವರವಾಗಿ ಹೇಳಿದನಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಕಾರಲ್ಲಿ ಕರೆದುಕೊಂಡು ಹೋಗು ಎಂದರೆ, ಗ್ಯಾರೇಜಿಗೆ ಬಿಟ್ಟಿದ್ದೇನೆ ಎಂದ. ಅಂಗಡಿಗೆ ರಜೆ ಹಾಕಿ, ಬಸ್ಸು ಹತ್ತಿ, ಜೋಡಿಗುಡ್ಡ ಕಾಣುವ ದೊಡ್ಡೇರಿಗೆ ಹೋದೆ.

ಬಿದ್ದ ಕಲ್ಲನ್ನು ಹುಡುಕುವುದಕ್ಕೆ ಒಂದು ರೀತಿಯಿದೆ. ಕಂಡವರನ್ನು ಅವರು ಆಗ ನಿಂತಿದ್ದ ಜಾಗದಲ್ಲೇ ನಿಲ್ಲಿಸಿ, ಕೈ ಚಾಚಿ ತೋರಿಸಲು ಹೇಳಬೇಕು. ಅವರವರ ಕೈ ತೋರಿಸಿದ ಗೆರೆಗಳು ಎಲ್ಲಿ ಕೂಡುತ್ತವೋ ಕಲ್ಲು ಅಲ್ಲಿರುತ್ತದೆ. ಬೆಳಕು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ತಡವಾಗಿ ಬರುತ್ತದೆ. ಸದ್ದು ಬಂದಾಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದೂ ಕೇಳಬೇಕು, ಅದರಿಂದ ದೂರ ಅಂದಾಜಾಗುತ್ತದೆ.

ಟೀ ಅಂಗಡಿಯ ಚಿಕ್ಕನರಸಯ್ಯ ತನ್ನ ಒಲೆಯ ಮುಂದೆಯೇ ನಿಂತು ಕೈ ಚಾಚಿದ. "ಜೋಡಿಗುಡ್ಡದ ಎಡಕ್ಕೆ ಬಿತ್ತು ಕಣಮ್ಮ. ಆಮ್ಯಾಕೆ ಟೀ ಸೋಸ್ತಿದ್ದೆ, ಸದ್ದು ಬಂತು ನೋಡು, ಕೈಯೆಲ್ಲ ಸುಟ್ಕಂಬುಟ್ಟೆ!"

ಅಲ್ಲಿಂದ ರಸ್ತೆ ಹಿಡಿದು, ಪಾಳುಬಿದ್ದ ಕಲ್ಲು ಕ್ವಾರಿ ದಾಟಿ, ಗೊಲ್ಲರಹಟ್ಟಿಗೆ ನಡೆದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಗಂಡಸರು ಒಬ್ಬರೂ ಇರಲಿಲ್ಲ. ಕುರಿದೊಡ್ಡಿಯ ಬೇಲಿ ಹಿಡಿದು ನಿಂತಿದ್ದ ಹೆಂಗಸಿನ ಹೆಸರು ರಾಧಾಮಣಿ.

"ನಂಗೆ ಗುಡ್ಡದ ಬಲಕ್ಕೆ ಕಾಣ್ತಕ್ಕಾ," ಎಂದು ತೋರಿಸಿದಳು. "ಸದ್ದು ಬಂದಾಗ ಇಲ್ಲೇ ನಿಂತು ನಮ್ಮೆಜಮಾನ್ರ ದಾರಿ ನೋಡ್ತಿದ್ದೆ. ಒಸಿ ಹೊತ್ತಿಗೆ ಕುರಿ ಬಂದ್ವು. ಅವ್ರು ಬರ್ನಿಲ್ಲ."

ಅವಳ ಗಂಡ ಯತ್ತಪ್ಪ ಕುರಿ ಮೇಯಿಸಲು ಹೋದವನು ರಾತ್ರಿಯಿಡೀ ಬಂದಿರಲಿಲ್ಲ. ಹಟ್ಟಿಯ ಗಂಡಸರು ಗೋಮಾಳ, ಕೆರೆ ಅಂಗಳ ಎಲ್ಲ ಜಾಲಾಡುತ್ತಿದ್ದರು.

"ಪಾವಗಡದಾಗೆ ನೆಂಟ್ರ ಮನೆಗೆ ಹೋಗಿರ್ಬೇಕು ಅಂತಾರಕ್ಕಾ ಊರೋರು. ಕುರೀನ ನಡುದಾರೀಲಿ ಬಿಟ್ಬುಟ್ಟು ಯಾವನಕ್ಕಾ ನೆಂಟ್ರ ಮನೆಗೆ ಹೋಗ್ತಾನೆ?" ನನ್ನ ಕೈ ಹಿಡಿದುಕೊಂಡಳು. "ನೀವು ಊರೂರು ಸುತ್ತಿ ಎಲ್ರನ್ನೂ ಕೇಳ್ತೀರಲ್ಲ, ಅಂಗೇ ಇವ್ರನ್ನ ಯಾರಾನಾ ಕಂಡ್ರಾ ಅಂತ ಕೇಳಕ್ಕಾ. ಕಲ್ಲು ಎಲ್ಲೋಯ್ತದೆ, ಬಿದ್ದಲ್ಲೇ ಬಿದ್ದಿರ್ತದೆ."

ಕೇಳುತ್ತೇನೆ ಎಂದೆ. ಫೋನ್ ನಂಬರು ಕೊಟ್ಟು, ಅವಳದ್ದು ತೆಗೆದುಕೊಂಡು ಬಂದೆ.

ಸಂಜೆ ಮನೆಗೆ ಬಂದವಳೇ, ರೇಣುಕನ ಗೆರೆಯನ್ನೂ ಎಳೆಯೋಣವೆಂದು ತಾರಸಿ ಹತ್ತಿದೆ. ಪಡುವಣಕ್ಕೆ ತಿರುಗಿ ನಿಂತೆ. ಎದುರಿಗೆ ಮಧುಗಿರಿ ಬೆಟ್ಟ. ನಮ್ಮ ಮನೆ ಅದರ ಬುಡದಲ್ಲೇ ಇರುವುದು. ಆ ಕಡೆ ತಲೆ ಎತ್ತಿದರೆ ಬರೀ ಬಂಡೆ, ಆಕಾಶ ಕಾಣಬೇಕಾದರೆ ಕುತ್ತಿಗೆ ನೋಯುತ್ತದೆ. ಜೋಡಿಗುಡ್ಡ ಅದರಾಚೆ ಎಲ್ಲೋ. ಅಯ್ಯೋ ಶಿವನೇ, ಹುಟ್ಟಿದಾಗಿನಿಂದ ಹತ್ತಿ ಇಳಿದ ತಾರಸಿ, ಬೆಳಿಗ್ಗೆ ಹಿಗ್ಗಿನಲ್ಲಿ ಇದು ಹೊಳೆದೇ ಇರಲಿಲ್ಲ.

ಸುಳ್ಳೇಕೆ ಹೇಳಿದ? ನೋಡಿದ್ದು ಮಾತ್ರ ಸುಳ್ಳಲ್ಲ. ಚಿಕ್ಕನರಸಯ್ಯನಿಗೆ ಗುಡ್ಡದ ಎಡಕ್ಕೆ ಕಂಡದ್ದು, ರಾಧಾಮಣಿಗೆ ಬಲಕ್ಕೆ ಕಂಡದ್ದು, ಇವನಿಗೆ ಎರಡು ತಲೆಗಳ ಮಧ್ಯೆ ಕಾಣಬೇಕಾದರೆ ಅವರಿಬ್ಬರ ನಡುವೆ ಎಲ್ಲೋ ನಿಂತಿರಬೇಕು. ಟೀ ಅಂಗಡಿಗೂ ಹಟ್ಟಿಗೂ ನಡುವೆ ಇರುವುದು ಒಂದು ರಸ್ತೆ, ರಸ್ತೆಯ ಪಕ್ಕಕ್ಕೆ ಆ ಕ್ವಾರಿ. ಕಾರು ಗ್ಯಾರೇಜಿಗೆ ಬಿಟ್ಟಿದ್ದೇನೆ ಎಂದು ಬೆಳಿಗ್ಗೆ ಅವನು ಹೇಳಿದ್ದು ನೆನಪಾಯಿತು.

ಅಷ್ಟರಲ್ಲಿ ರೇಣುಕ ಮೇಲೆ ಬಂದ. "ದೀಪನೂ ಹಚ್ಚದೆ ಇಲ್ಲೇನ್ ಮಾಡ್ತಿದೀಯ ಅಕ್ಕ?"

"ಎಲ್ಲಿ ಕಾಣ್ತು ತೋರ್ಸೋ."

ಅವನು ಕೈ ಎತ್ತಿದ. ಬೆರಳು ಬಂಡೆಗೆ ನೆಟ್ಟಿತು. ಮೆಲ್ಲಗೆ ಕೈ ಇಳಿಸಿದ.

"ಸದ್ದು ಬಂದಾಗ ಎಲ್ಲಿದ್ದೆ?"

ಪಕ್ಕದ ಮನೆಯ ಟಿವಿಯಲ್ಲಿ ಯಾರೋ ನಗುತ್ತಿದ್ದರು.

"ರೇಣುಕ, ಆ ಕುರಿಯವನು ಎಲ್ಲೋ?"

"ರಸ್ತೆ ನೋಡ್ಲಿಲ್ಲ ಅಕ್ಕ," ಎಂದ. "ಅದನ್ನೇ ನೋಡ್ತಿದ್ದೆ. ಒಂದು ಚೂರೂ ಬಿಡದಂಗೆ ನೋಡಿ ನಿನಗೆ ಹೇಳ್ಬೇಕು, ಅಕ್ಕ ಎಷ್ಟು ಖುಷಿಪಡ್ತಾಳೋ ಅಂತ... ಅವನು ಯಾವಾಗ ಅಡ್ಡ ಬಂದ ಅಂತಲೇ ಗೊತ್ತಾಗ್ಲಿಲ್ಲ. ಸತ್ತೇಹೋದ ಅಂದ್ಕೊಂಡೆ. ಕ್ವಾರಿ ಒಳಗೆ ಎಳ್ಕೊಂಡು ಹೋದೆ. ಅಲ್ಲಿ ಮಲಗಿಸ್ದಾಗ ಸದ್ದು ಬಂತು. ಆಗ ಕಣ್ಣು ಬಿಟ್ಟ. ಏನ್ ಸಾಮಿ ಅದು ಸದ್ದು, ಅಂತ ಕೇಳ್ದ."

"ನೀನೇನಂದೆ?"

"ಓಡ್ಬಂದೆ."

ಕಪಾಳಕ್ಕೆ ಬಾರಿಸಿದೆ. ಅವನನ್ನು ನಾನು ಹೊಡೆದದ್ದು ಅದೇ ಮೊದಲು. ಕೆನ್ನೆ ಹಿಡಿದುಕೊಂಡು ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆಯೇ ಅತ್ತ. ನಾನು ಬೆಳಿಗ್ಗೆ ಅದೇ ಕ್ವಾರಿಯ ಬೇಲಿ ಪಕ್ಕ ಅಯಸ್ಕಾಂತ ಆಡಿಸಿಕೊಂಡು ಹೋಗಿದ್ದೆನಲ್ಲ, ಒಳಗಿನಿಂದ ಯತ್ತಪ್ಪನಿಗೆ ನನ್ನ ಹೆಜ್ಜೆ ಕೇಳಿಸಿತೋ ಏನೋ.

ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ರಾಧಾಮಣಿ.

"ಎತ್ಬೇಡ ಅಕ್ಕ," ಎಂದ. ಹಿಂದೆ ಸರಿದು ತಾರಸಿಯ ಬಾಗಿಲು ಎಳೆದು ಚಿಲಕ ಹಾಕಿದ. "ನಾಳೆ ಹೊತ್ತಿಗೆ ಎಲ್ಲಾ ಮುಗ್ದಿರತ್ತೆ. ಗೊತ್ತಿರೋದು ನಮ್ಮಿಬ್ಬರಿಗೇ. ನನ್ನ ಜೈಲಿಗೆ ಕಳಿಸ್ತೀಯಾ?"

ಎಲ್ಲಾ ಮುಗ್ದಿರತ್ತೆ ಎಂದ ಅವನ ದನಿಯಲ್ಲಿ ಅಳುವಿರಲಿಲ್ಲ. ನನಗೆ ಭಯವಾಯಿತು. ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ, ಹೆದರಿದ್ದು ಯತ್ತಪ್ಪನಿಗಾಗಿ ಅಲ್ಲ, ಇವನಿಗಾಗಿ, ಇವನನ್ನು ಕಂಡು. ಫೋನು ಹೊಡೆದು ಹೊಡೆದು ನಿಂತಿತು. ಅವನು ಉಸಿರು ಬಿಟ್ಟ. ಮತ್ತೆ ಹೊಡೆಯಿತು. ಎತ್ತಿದೆ.

"ಅಕ್ಕಾ, ಯಾರಾನಾ ಏನಾನಾ ಅಂದ್ರಾ?"

"ಹಟ್ಟಿಯವರನ್ನೆಲ್ಲ ಕರ್ಕೊಂಡು ಈಗಲೇ ಕ್ವಾರಿಗೆ ಹೋಗಮ್ಮ. ಒಳಗಿದಾನೆ. ಹಗ್ಗ ತಗೊಂಡು ಹೋಗಿ, ನೀರು ತಗೊಂಡು ಹೋಗಿ. ಆಂಬುಲೆನ್ಸಿಗೆ ನಾನು ಫೋನ್ ಮಾಡ್ತೀನಿ."

ಆ ಕಡೆ ಅವಳು ಯಾರನ್ನೋ ಕೂಗಿದಳು, ಓಡುವ ಸದ್ದು ಕೇಳಿಸಿತು. ಏದುಸಿರು ಬಿಡುತ್ತಲೇ ಕೇಳಿದಳು.

"ಯಾರು ಕಂಡ್ರಕ್ಕಾ?"

ರೇಣುಕ ನನ್ನನ್ನೇ ನೋಡುತ್ತಿದ್ದ.

"ನನ್ನ ತಮ್ಮ," ಎಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ.