ಒಣಗದ ಕಾಲುಚೀಲ

ಥೀರಾ ಮಣ್ಣಿನ ಮೂರ್ತಿಯ ಗದ್ದವನ್ನು ಬೆಳಗಿನಿಂದ ನಾಲ್ಕನೆಯ ಸಲ ಕೆರೆದು ತೆಗೆದಳು. ಕಂಚಿನ ಎರಕಕ್ಕೆ ಅಚ್ಚು ತೆಗೆಯುವವರು ಹನ್ನೆರಡಕ್ಕೆ ಬರುವವರಿದ್ದರು. ಈ ಸಲವೂ ತಪ್ಪಿದರೆ ಕೆಲಸ ಬಿಡಿಸಿ, ಬಂದರಿನಲ್ಲಿ ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸಿಬಿಡುತ್ತೇವೆಂದು ಸ್ಮಾರಕ ಸಮಿತಿಯವರು ಖಡಾಖಂಡಿತವಾಗಿ ಹೇಳಿದ್ದರು.

ಮೂರು ಚಳಿಗಾಲದ ಹಿಂದೆ ಜಟ್ಲೆಂಡ್ ಕರಾವಳಿಯ ಆ ಊರಿನಿಂದ ಮೀನಿಗೆ ಹೋದ ಹನ್ನೊಂದು ಜನ ಹಿಂದಿರುಗಿರಲಿಲ್ಲ. ಅವರ ನೆನಪಿಗೆ ಒಬ್ಬ ಬೆಸ್ತ, ಎದೆ ಸೆಟೆಸಿ ಕಡಲನ್ನು ದಿಟ್ಟಿಸುತ್ತ ನಿಂತವನು. ಎರಡು ವರ್ಷದಿಂದ ಥೀರಾ ಅವನನ್ನು ಕಟ್ಟುತ್ತಲೇ ಇದ್ದಳು, ಕೆಡವುತ್ತಲೇ ಇದ್ದಳು. ಬೇಸತ್ತಾಗ ಬಣ್ಣ ಕಲಸಿ ಅವನದೇ ಚಿತ್ರ ಬರೆದಳು. ಅವೆಲ್ಲ ಈಗ ಗೋಡೆಗೆ ಮುಖ ಮಾಡಿ ನಿಂತಿದ್ದವು. ಏನೋ ತಪ್ಪಿತ್ತು, ಕೈಗೆ ಸಿಗುತ್ತಿರಲಿಲ್ಲ. ಕೂರಲಾರಳು, ನಿಲ್ಲಲಾರಳು.

ಅಷ್ಟರಲ್ಲಿ ಡೋರ್ಥೆ ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಮೀನು ಹಿಡಿದು ಬಂದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆ ಹನ್ನೊಂದು ಜನರಲ್ಲಿ ಡೋರ್ಥೆಯ ಗಂಡ ವಿಲ್ಲಾಸನೂ ಒಬ್ಬ. ಮೂರ್ತಿಯ ಕೆಲಸ ಶುರುವಾದ ಮೇಲೆ ಅವಳು ಈ ಕೋಣೆಗೆ ಕಾಲಿಟ್ಟದ್ದು ಇದೇ ಮೊದಲು.

ಮೂರ್ತಿಯ ಸುತ್ತ ಒಂದು ಸುತ್ತು ಬಂದಳು. "ಯಾರೇ ಇವನು?"

"ಯಾರೂ ಅಲ್ಲ. ಎಲ್ಲರೂ ಅಂತ ಇಟ್ಕೋ."

"ಚೆನ್ನಾಗವ್ನೆ. ರಜಾದಲ್ಲಿ ಗಾಳಿ ಕುಡಿಯೋಕೆ ಬರ್ತಾರಲ್ಲ ಪೇಟೆಯೋರು, ಅವರು ಹಿಂಗೇ ನಿಂತ್ಕೊಂಡು ಕಡಲು ನೋಡ್ತಾರೆ."

ಥೀರಾಳ ಮುಖ ಕೆಂಪಾಯಿತು. "ಮತ್ತೆ ನಿನ್ನ ಗಂಡ ಹೆಂಗೆ ನಿಂತಿದ್ದ? ನೀನೇ ಹೇಳು."

"ನಿಲ್ಲೋಕೆ ಎಲ್ಲಿತ್ತು ಪುರುಸೊತ್ತು? ಕಡಲಿಗೆ ಹೊರಟ ಆ ಬೆಳಿಗ್ಗೆ ಕಾಲುಚೀಲ ಒಣಗಿರಲಿಲ್ಲ. ಒಲೆ ಹತ್ರ ಹಾಕೋದು ಮರೆತಿದ್ದೆ. ಹಸೀದನ್ನೇ ಎಳ್ಕೋತಾ, ನಿನ್ನ ಕಟ್ಕೊಂಡು ಕೆಟ್ಟೆ ಅಂತ ಬಯ್ತಾ ಕೂತಿದ್ದ."

"ನೀನೇನಂದೆ?"

ಡೋರ್ಥೆ ತಲೆವಸ್ತ್ರದ ಗಂಟು ಸಡಿಲಿಸಿದಳು. "ನಿನ್ನ ಸಿಟ್ಟಿಗೇ ಒಣಗುತ್ತೆ ಹೋಗು, ಅಂದೆ."

ಥೀರಾ ಎರಡೂ ಕೈಯಿಂದ ಬೆಸ್ತನ ಎದೆಯ ಮಣ್ಣನ್ನು ಕಿತ್ತಳು. ಹೆಗಲು, ಕುತ್ತಿಗೆ, ಗದ್ದ, ಎಲ್ಲ ದೊಪ್ಪನೆ ನೆಲಕ್ಕೆ ಬಿದ್ದು ಒಳಗಿನ ಕಬ್ಬಿಣದ ಸರಳು ಹೊರಬಂತು.

ಅಂಗಳದಲ್ಲಿ ಅಚ್ಚಿನವರ ಲಾರಿ ನಿಂತ ಸದ್ದಾಯಿತು. ಥೀರಾ ಬಾಗಿಲನ್ನು ಅರ್ಧ ತೆರೆದು, ಇವತ್ತು ಕೆಲಸವಿಲ್ಲ ಎಂದಳು.

ಡ್ರೈವರು ಅವಳ ಮಣ್ಣಾದ ಮೊಣಕೈಗಳನ್ನು ನೋಡಿದ. "ಅಮ್ಮ, ಸಮಿತಿಯೋರಿಗೆ ಏನಂತ ಹೇಳ್ಲಿ?"

"ಕಲ್ಲು ನಿಲ್ಲಿಸೋದಾದ್ರೆ ನಿಲ್ಲಿಸ್ಕೊಳ್ಳಲಿ ಅಂತ ಹೇಳಪ್ಪ."

ಅವಳು ತಿರುಗಿದಾಗ ಡೋರ್ಥೆ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಬೂಟು ಕಳಚಿ ಪಕ್ಕಕ್ಕಿಟ್ಟಿದ್ದಳು. ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಲುಚೀಲ ಎಳೆದುಕೊಳ್ಳುವವರ ಹಾಗೆ ಕಾಲ್ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿದ್ದಳು.

"ಅವನ ಬೆನ್ನು ಇದಕ್ಕಿಂತ ಬಾಗಿತ್ತು," ಎಂದು ಮತ್ತಷ್ಟು ಬಗ್ಗಿದಳು.